ಮೊಳೆ ಹಿಡಿದ ತುಟಿ

"ಅಜ್ಜಿ, ನಾಳೆಯಿಂದ ನೀವು ಹಿಂದಿನ ಕೋಣೇಲಿ ಕೂತ್ಕೊಳ್ಳಿ" ಎಂದ ಯಜಮಾನ.

ಅಜ್ಜಿಯಂತೆ! ಹಿಂದಿನ ದಿನದವರೆಗೂ ಅವನಿಗೆ ನಾನು ಅಕ್ಕ. ಚಡ್ಡಿ ಹಾಕಿಕೊಂಡು ಇದೇ ಕುಶನ್ ಅಂಗಡಿಯೊಳಗೆ ಸ್ಪ್ರಿಂಗು ಕುಣಿಸುತ್ತಾ ಓಡಾಡುತ್ತಿದ್ದ ಕಾಲದಿಂದಲೂ ಅಕ್ಕನೇ. ಒಂದೇ ಮಾತಿನಲ್ಲಿ ನನ್ನ ವಯಸ್ಸನ್ನೂ ಏರಿಸಿ, ಕೂರುವ ಜಾಗವನ್ನೂ ಬದಲಿಸಿಬಿಟ್ಟ.

ತಕ್ಷಣ ಉತ್ತರ ಕೊಡಲಾಗಲಿಲ್ಲ. ಬಾಯಲ್ಲಿ ಇಪ್ಪತ್ತು ಮೊಳೆ ಇತ್ತು.

ನಮ್ಮ ಕೆಲಸ ನೋಡದವರಿಗೆ ಹೇಳುತ್ತೇನೆ. ಕುರ್ಚಿಗೆ ಮೆತ್ತೆ ಹೊದಿಸುವಾಗ ಎಡಗೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಬಲಗೈಯಲ್ಲಿ ಸುತ್ತಿಗೆ. ಮೊಳೆ ಕೊಡುವುದಕ್ಕೆ ಮೂರನೆಯ ಕೈ ಎಲ್ಲಿಂದ ತರೋಣ? ಅದಕ್ಕೇ ಚಿಕ್ಕ ಮೊಳೆಗಳನ್ನು ಬಾಯಿಗೆ ತುಂಬಿಕೊಳ್ಳುತ್ತೇವೆ. ನಾಲಿಗೆ ಒಂದೊಂದನ್ನೇ ತಿರುಗಿಸಿ, ತಲೆ ಮುಂದು ಮಾಡಿ, ತುಟಿಯ ಸಂದಿಗೆ ತಂದು ನಿಲ್ಲಿಸುತ್ತದೆ. ಸುತ್ತಿಗೆಯ ಒಂದು ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದನ್ನು ತುಟಿಗೆ ತಾಗಿಸಿದರೆ ಮೊಳೆ ಅಂಟಿಕೊಂಡು ಬರುತ್ತದೆ. ಒಂದು ಏಟಿಗೆ ಮರಕ್ಕೆ ಕಚ್ಚುತ್ತದೆ, ಸುತ್ತಿಗೆ ತಿರುಗಿಸಿ ಇನ್ನೊಂದು ಕೊಟ್ಟರೆ ಪೂರಾ ಇಳಿಯುತ್ತದೆ. ಟಕ್, ಟಕ್. ಮೂವತ್ತನಾಲ್ಕು ವರ್ಷದಲ್ಲಿ ನಾನು ಒಂದು ಮೊಳೆಯನ್ನೂ ನುಂಗಿಲ್ಲ. ನುಂಗಿದ್ದೆಲ್ಲ ಮಾತು.

ಇದಕ್ಕೆ ನಮ್ಮ ಅಂಗಡಿಯಲ್ಲಿ 'ಡಬ್ಬಿ' ಅನ್ನುತ್ತೇವೆ. ಈ ಯಜಮಾನನ ಅಪ್ಪ ಇಟ್ಟ ಹೆಸರು. "ಡಬ್ಬಿ ತುಂಬಿಸ್ಕೊಳ್ರಮ್ಮ" ಎಂದರೆ ಹರಟೆ ಸಾಕು, ಕೆಲಸ ಶುರು ಎಂದರ್ಥ. ಬಾಯಿ ತುಂಬಿದವರು ಕೂಲಿ ಜಾಸ್ತಿ ಕೇಳುವುದಿಲ್ಲ, ರಜೆ ಕೇಳುವುದಿಲ್ಲ ಎಂಬುದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಅಂತೂ ಇಪ್ಪತ್ತು ಮೊಳೆಯನ್ನೂ ಅಂಗೈಗೆ ಉಗಿದುಕೊಂಡು ಕೇಳಿದೆ. "ಹಿಂದಿನ ಕೋಣೆಗೆ ಯಾಕೆ?"

ಅವನು ಬಾಗಿಲ ಕಡೆ ನೋಡುತ್ತಾ ತನ್ನ ತುಟಿಯನ್ನು ಬೆರಳಿಂದ ಮುಟ್ಟಿಕೊಂಡ. "ಗಿರಾಕಿಗಳು ನೋಡ್ತಾರೆ. ಅಸಹ್ಯ ಪಟ್ಕೋತಾರೆ. ಅಂಟುರೋಗಾನೋ ಏನೋ."

"ಗಿರಾಕಿಗಳು ಕುರ್ಚಿ ನೋಡೋಕೆ ಬರ್ತಾರೋ, ನನ್ನ ತುಟಿ ನೋಡೋಕೋ?"

"ವಾಸಿಯಾಗಲಿ, ಆಮೇಲೆ ಮುಂದೆ ಬನ್ನಿ. ಬೇಡ ಅಂದೋರು ಯಾರು?"

"ಒಂದು ತಿಂಗಳು ಕೊಡಿ. ಇದು ಏನು ಅಂತ ತಿಳ್ಕೊಂಡು ಬರ್ತೀನಿ. ಅಲ್ಲೀವರೆಗೆ ಇಲ್ಲಿಂದ ಏಳಲ್ಲ."

ಹಿಂದಿನ ಕೋಣೆ ಎಂದರೆ ಹಳೆಯ ಸೋಫಾಗಳ ಹೊಟ್ಟೆ ಬಗೆಯುವ ಜಾಗ. ಕಿಟಕಿ ಇಲ್ಲ. ತುಕ್ಕು ಹಿಡಿದ ಮೊಳೆ ಕೀಳಬೇಕು, ಕೊಳೆತ ನಾರು ಕಿತ್ತು ಹಾಕಬೇಕು, ಇಲಿ ಕಟ್ಟಿದ ಗೂಡು ತೆಗೆಯಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಮೊದಲ ಆರು ತಿಂಗಳು ಅಲ್ಲಿ ಕೂರಿಸುತ್ತಾರೆ. ಅಲ್ಲಿಂದ ಒಂದೊಂದೇ ಬೆಂಚು ದಾಟಿ ಬಾಗಿಲ ಪಕ್ಕದ ಬೆಂಚಿಗೆ ಬರುವುದಕ್ಕೆ ನನಗೆ ಹನ್ನೊಂದು ವರ್ಷ ಹಿಡಿದಿತ್ತು. ಮುದುಕಿಯಾದ ಮೇಲೆ ಒಬ್ಬಳನ್ನು ಅಲ್ಲಿಗೆ ಕಳಿಸಿದರೆ ಅವಳು ಮತ್ತೆ ಮುಂದಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಅಲ್ಲಿಂದ ನೇರ ಮನೆಗೇ.

ತುಟಿ ಹೇಗಿತ್ತು ಎಂಬುದನ್ನೂ ಹೇಳಬೇಕು. ಎರಡು ವರ್ಷದ ಕೆಳಗೆ ಶುರುವಾದದ್ದು. ಮೊದಲು ಬರೀ ಒಣಗಿದಂತೆ ಇತ್ತು. ಆಮೇಲೆ ಹಳೆಯ ಗೋಡೆಯ ಬಣ್ಣ ಏಳುವ ಹಾಗೆ ಚರ್ಮ ಏಳತೊಡಗಿತು. ಎದ್ದ ತುದಿ ಸಿಕ್ಕರೆ ಕೈ ಸುಮ್ಮನಿರುತ್ತದೆಯೇ? ಎಳೆಯುತ್ತಿದ್ದೆ. ರಕ್ತ. ಅಡಿಯಲ್ಲಿ ಕೆಂಪಗೆ ಹಸಿ ಚರ್ಮ, ಗಾಳಿ ತಾಗಿದರೂ ಉರಿ. ಮೂರನೆಯ ದಿನ ಅದೂ ದಪ್ಪಗಾಗಿ, ಹಳದಿ ಕಟ್ಟಿ, ಮತ್ತೆ ಏಳುತ್ತಿತ್ತು. ಬಾಯಿಯ ಎರಡೂ ಮೂಲೆಯಲ್ಲಿ ಬಿರುಕು. ನಕ್ಕರೆ ಸೀಳುತ್ತಿತ್ತು, ಹಾಗಾಗಿ ಮೂಗಿನಲ್ಲೇ ನಗುವುದನ್ನು ಕಲಿತೆ.

ರೋಗ ಒಂದು, ವೈದ್ಯರು ಊರೆಲ್ಲ. ಮನೆಯಲ್ಲಿರುವುದು ನಾನು ಮತ್ತು ನನ್ನ ನಾದಿನಿ. ಅವಳ ಅಣ್ಣ ಹೋಗಿ ಹದಿನೆಂಟು ವರ್ಷವಾದರೂ ನಾವಿಬ್ಬರೂ ಜಗಳ ಮುಗಿಯದ ಕಾರಣಕ್ಕೆ ಒಟ್ಟಿಗೇ ಇದ್ದೇವೆ. "ಉಷ್ಣ ಅತ್ತಿಗೆ, ಬರೀ ಉಷ್ಣ. ನಿಮ್ಮ ಸಿಟ್ಟು ಎಲ್ಲಿಂದಾದ್ರೂ ಹೊರಗೆ ಬರಬೇಕಲ್ಲ" ಎಂದು ಅವಳು ಬೆಣ್ಣೆ ಬಳಿದಳು, ಜೇನುತುಪ್ಪ ಬಳಿದಳು. ಕೊನೆಗೆ ಹಣ್ಣಿನ ವಾಸನೆಯ ಗುಲಾಬಿ ಮುಲಾಮಿನ ಪುಟ್ಟ ಕರಡಿಗೆಯೊಂದನ್ನು ತಂದು ದಿನಾ ಮಲಗುವ ಮುಂಚೆ ತಾನೇ ಹಚ್ಚುತ್ತಿದ್ದಳು. ಅಂಗಡಿಯಲ್ಲಿ ನನ್ನ ಪಕ್ಕದ ಬೆಂಚಿನವಳು ಗಿಡ್ಡಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಉದ್ದ. "ಮಲಗಿದಾಗ ಜಿರಲೆ ನೆಕ್ಕಿರತ್ತೆ ಅಕ್ಕ" ಎಂದಳು. "ನೆಕ್ಕೋಕೆ ಅದಕ್ಕೂ ಬೇರೆ ಯಾರೂ ಸಿಗಲಿಲ್ವೇನೇ?" ಎಂದೆ. ಔಷಧಿ ಅಂಗಡಿಯವನು ಸತ್ವ ಕಡಿಮೆ ಎಂದು ಮಾತ್ರೆ ಕೊಟ್ಟ. ನಮ್ಮ ಬೀದಿಯ ಡಾಕ್ಟರು "ತುಟಿಗೆ ಏನಾದ್ರೂ ಹಚ್ತೀರಾ?" ಎಂದು ತಲೆ ಎತ್ತದೆ ಕೇಳಿ, ನಾನು ಮುಲಾಮಿನ ಹೆಸರು ಹೇಳುವಷ್ಟರಲ್ಲಿ ಬೂಷ್ಟು ಎಂದು ಬರೆದರು. ಅವರ ಔಷಧಿ ಹಚ್ಚಿ ಹಚ್ಚಿ ಟ್ಯೂಬ್ ಸೊರಗಿತು, ತುಟಿ ಸೊರಗಲಿಲ್ಲ.

ಈಗ ಹಿಂದಿನ ಕೋಣೆಯ ಮಾತು ಬಂದ ಮೇಲೆ ಚರ್ಮದ ಡಾಕ್ಟ್ರಮ್ಮನ ಹತ್ತಿರ ಹೋದೆ. ಸರ್ಕಾರಿ ಆಸ್ಪತ್ರೆಯ ಎರಡನೇ ಮಹಡಿ. ಚಿಕ್ಕ ಹುಡುಗಿಯ ಮುಖ, ದೊಡ್ಡ ಕನ್ನಡಕ. ನನ್ನ ತುಟಿಯನ್ನು ದೀಪ ಹಿಡಿದು ನೋಡಿದಳು. ಮುಖ ಸಿಂಡರಿಸಲಿಲ್ಲ. ಎರಡು ವರ್ಷದಲ್ಲಿ ನನ್ನ ತುಟಿಯನ್ನು ಅಷ್ಟು ಹೊತ್ತು ನೇರವಾಗಿ ನೋಡಿದವಳು ಅವಳೊಬ್ಬಳೇ.

"ನಾಲಿಗೆಯಿಂದ ಸವರ್ಕೋತೀರಾ?"

"ಒಣಗಿದ್ರೆ ಏನ್ಮಾಡೋದು ತಾಯಿ?"

"ಚರ್ಮ ಕೀಳ್ತೀರಾ?"

"ಅದೇ ಏಳತ್ತೆ. ನಾನು ಸ್ವಲ್ಪ ಸಹಾಯ ಮಾಡ್ತೀನಿ."

ಅವಳು ನಕ್ಕಳು. ಆಮೇಲೆ ಒಂದು ಹಾಳೆ ಕೊಟ್ಟು, "ಒಂದು ವಾರ ತುಟಿಗೆ ಏನೇನು ತಾಗತ್ತೋ ಅಷ್ಟನ್ನೂ ಬರ್ಕೊಂಡು ಬನ್ನಿ. ಚಿಕ್ಕದು, ದೊಡ್ಡದು ಅಂತ ನೋಡಬೇಡಿ" ಎಂದಳು.

ಬರೆದೆ. ತಡವಾಗಿ ಅಕ್ಷರ ಕಲಿತ ಕೈ, ಯಾವುದನ್ನೂ ಬಿಟ್ಟುಬಿಡುವ ಧೈರ್ಯ ಮಾಡುವುದಿಲ್ಲ. ಹಲ್ಲುಜ್ಜುವ ಬ್ರಷ್ಷು, ಪೇಸ್ಟು, ಸ್ಟೀಲ್ ಲೋಟ, ಬಿಸಿ ಕಾಫಿ, ನಾದಿನಿಯ ಮುಲಾಮು, ಟವೆಲಿನ ಅಂಚು. ಕೆಲಸದ ದಿನ ಎಂದು ಬರೆದು ಅದರ ಮುಂದೆ: ಡಬ್ಬಿ, ಎಂಟು ಗಂಟೆ.

ಡಾಕ್ಟ್ರಮ್ಮ ಓದಿ ಕಣ್ಣರಳಿಸಿದಳು. "ಡಬ್ಬಿ ಎಂಟು ಗಂಟೆಯಾ? ಅಷ್ಟು ಹೊತ್ತು ತಿಂತೀರಾ?"

"ತಿನ್ನೋದೇನು ಬಂತು, ಇದ್ದೇ ಇರತ್ತೆ. ಖಾಲಿ ಆದ ಹಾಗೆ ತುಂಬಿಸ್ಕೋತೀವಿ."

"ಏನಿರತ್ತೆ ಅದರಲ್ಲಿ?"

"ಎಲ್ಲರದ್ದೂ ಒಂದೇ ಅಮ್ಮ. ಅಂಗಡಿಯವರೇ ಕೊಡ್ತಾರೆ."

ನಾನು ಹೇಳಿದ್ದು ಮೊಳೆ, ಅವಳು ತಿಳಿದದ್ದು ಊಟ. ದಿನವಿಡೀ ಮೆಲ್ಲುವ ಅಭ್ಯಾಸದವಳು ಈ ಮುದುಕಿ ಎಂದುಕೊಂಡಳು. ಖಾರ ಬೇಡ, ಹುಳಿ ಬೇಡ, ಟೊಮೆಟೊ, ನಿಂಬೆ ಮುಟ್ಟಬೇಡಿ, ಡಬ್ಬಿ ಸ್ಟೀಲಿನದಾಗಿದ್ದರೆ ಬದಲಾಯಿಸಿ, ಎರಡು ವಾರ ಬಿಟ್ಟು ಬನ್ನಿ ಎಂದಳು. ಬಾಯಿ ಬದಲಾಯಿಸಲಾಗದು, ತುಟಿಗೆ ತಾಗುವ ಸುತ್ತಿಗೆಯನ್ನು ಬದಲಾಯಿಸಲು ಹೇಳಿದಳೇನೋ ಎಂದುಕೊಂಡು ಅಂಗಡಿಯ ಸುತ್ತಿಗೆ ಪಕ್ಕಕ್ಕಿಟ್ಟು, ನನ್ನದೇ ಹಳೆಯದನ್ನು ಹುಡುಕಿ ತೆಗೆದೆ.

ಎರಡು ವಾರ ಸಪ್ಪೆ ಊಟ. ನಾದಿನಿ ನನ್ನೆದುರೇ ಖಾರ ಕಲಸಿಕೊಂಡು ಸುರ್ ಎಂದು ತಿನ್ನುತ್ತಿದ್ದಳು. "ನಿಮಗೋಸ್ಕರ ನಾನೂ ಬಿಡ್ತಿದ್ದೆ ಅತ್ತಿಗೆ, ಆದ್ರೆ ನನ್ನ ತುಟಿ ಚೆನ್ನಾಗಿದೆಯಲ್ಲ." ಹಲ್ಲು ಕಚ್ಚಿಕೊಂಡು ನುಂಗಿದೆ. ತುಟಿ ಒಂದೆಳೆಯಷ್ಟೂ ಕಡಿಮೆಯಾಗಲಿಲ್ಲ. ಅಂಗಡಿಯಲ್ಲಿ ನನ್ನ ಲೋಟದ ಹಿಡಿಗೆ ಯಜಮಾನ ಕೆಂಪು ದಾರ ಕಟ್ಟಿಸಿದ್ದ, ಬೇರೆಯವರು ತಪ್ಪಿ ಕುಡಿಯಬಾರದೆಂದು. ನಾನು ಆ ದಾರ ಬಿಚ್ಚಿ ಅವನ ಲೋಟಕ್ಕೇ ಕಟ್ಟಿದೆ. ಅವತ್ತು ಅವನು ಕಾಫಿಯನ್ನೇ ಕುಡಿಯಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟ್ರಮ್ಮನಿಗೂ ಬೇಸರ. "ಡಬ್ಬಿ ಬದಲಾಯಿಸಿದ್ರಾ?"

"ಹುಟ್ಟುವಾಗ ಬಂದ ಡಬ್ಬಿ. ಹೇಗೆ ಬದಲಾಯಿಸೋದು?" ಎಂದು ಬಾಯಿ ತೋರಿಸಿದೆ.

ಅವಳು ಪೆನ್ನು ಕೆಳಗಿಟ್ಟಳು. "ಅಜ್ಜಿ, ಡಬ್ಬಿ ಅಂದ್ರೆ ಏನು?"

ಹೇಳುವುದಕ್ಕಿಂತ ತೋರಿಸುವುದು ಸುಲಭ. ಕೈಚೀಲದ ಮೂಲೆಯಲ್ಲಿ ಯಾವಾಗಲೂ ಒಂದು ಹಿಡಿ ಬಿದ್ದಿರುತ್ತದೆ. ಐದಾರು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ತಿರುಗಿಸಿ, ಒಂದನ್ನು ತುಟಿಯ ಸಂದಿಯಲ್ಲಿ ನಿಲ್ಲಿಸಿದೆ.

"ಅಯ್ಯೋ, ತೆಗೀರಿ! ತೆಗೀರಿ ಅಜ್ಜಿ!" ಡಾಕ್ಟ್ರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಹೊರಗಿದ್ದ ನರ್ಸು ಓಡಿ ಬಂದಳು. ನಾನು ಒಂದೊಂದಾಗಿ ಅಂಗೈಗೆ ಉಗಿದೆ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಬರೆದಿದ್ದೆನಲ್ಲ! ತಾಗೋದು ಏನು ಅಂತ ಕೇಳಿದ್ರಿ. ಇದು ತಾಗೋದಲ್ಲ ಅಮ್ಮ, ಇದು ಕೆಲಸ."

ಅವಳು ಒಂದು ಮೊಳೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬೆಳ್ಳಿಯ ಹಾಗೆ ಹೊಳೆಯಿತು. "ಯಾವಾಗಲೂ ಇದೇನಾ?"

ಆಗ ನನಗೆ ಹೊಳೆಯಿತು. ಹಳೆಯ ಯಜಮಾನರ ಕಾಲದಲ್ಲಿ ಕಪ್ಪು ಮೊಳೆ ಬರುತ್ತಿತ್ತು. ಮಗ ಬಂದ ಮೇಲೆ ಹೊಳಪಿನದು ತರಿಸಿದ. ಕಾಣುವ ಕಡೆಗೂ ಕಾಣದ ಕಡೆಗೂ ಒಂದೇ ಮೊಳೆ ಸಾಕು ಎಂದು. ಮೂರು ವರ್ಷವಾಗಿರಬಹುದು.

ಬೆನ್ನ ಮೇಲೆ ಪರೀಕ್ಷೆ ಮಾಡಿದರು. ಅಂಟುಪಟ್ಟಿಯಲ್ಲಿ ಚೌಕ ಚೌಕವಾಗಿ ಮೂವತ್ತು ಬಗೆಯ ವಸ್ತು, ಎಲ್ಲ ಬೇಳೆಕಾಳಿನಷ್ಟು. ಎರಡು ದಿನ ಬೆನ್ನು ನೆನೆಯಬಾರದು, ಬೆವರಬಾರದು. ಅಂಗಡಿಗೆ ರಜೆ ಹಾಕಿದೆ. ನಾದಿನಿಗೆ ಹೊಸ ಉದ್ಯೋಗ ಸಿಕ್ಕಿತು. ನಾನು ಬೆನ್ನು ಕೆರೆದುಕೊಳ್ಳದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು. "ಕೈ ಕೆಳಗೆ!" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಪಟ್ಟಿ ಕಿತ್ತ ದಿನವೂ, ಅದಾಗಿ ಎರಡು ದಿನ ಬಿಟ್ಟೂ ಡಾಕ್ಟ್ರಮ್ಮ ನೋಡಿದಳು. ಎರಡು ಚೌಕ ಕೆಂಪಗೆ ಊದಿಕೊಂಡು, ಸಣ್ಣ ಗುಳ್ಳೆ ಎದ್ದಿದ್ದವು.

"ಒಂದು ನಿಕಲ್. ಮೊಳೆಗೆ ಹೊಳಪು ಕೊಡೋ ಲೋಹ. ಇನ್ನೊಂದು ವಾಸನೆ ಸಾಮಾನು. ಆ ಮುಲಾಮಲ್ಲಿ ಇರೋದು."

ಪಕ್ಕದಲ್ಲೇ ಇದ್ದ ನಾದಿನಿಯ ಕಡೆ ತಿರುಗಿದೆ. "ಒಂದು ಕಡೆ ಮೊಳೆ, ಇನ್ನೊಂದು ಕಡೆ ನೀನು."

"ಪ್ರೀತಿಯಿಂದ ಹಚ್ಚಿದ್ದೆ" ಎಂದಳು ಅವಳು, ಮೊದಲ ಸಲ ಸಣ್ಣ ದನಿಯಲ್ಲಿ.

ಡಾಕ್ಟ್ರಮ್ಮ ಬಿಡಿಸಿ ಹೇಳಿದಳು. ಇದು ಅಂಟುರೋಗವಲ್ಲ. ಯಾರ ಲೋಟದಲ್ಲಿ ಕುಡಿದರೂ ಯಾರಿಗೂ ಬರುವುದಿಲ್ಲ. ಆದರೆ ಇನ್ನು ಬಾಯಲ್ಲಿ ಮೊಳೆ ಇಡಬಾರದು. ಕಪ್ಪು ಮೊಳೆಯೂ ಬೇಡ, ಸೂಜಿಯೂ ಬೇಡ, ದಾರದ ತುದಿಯೂ ಬೇಡ. ನಾಲಿಗೆಯಿಂದ ಸವರಬಾರದು, ಎಂಜಲು ಆರಿದಷ್ಟೂ ತುಟಿ ಇನ್ನೂ ಒಣಗುತ್ತದೆ. ಎದ್ದ ಚರ್ಮವನ್ನು ತಾನಾಗಿ ಉದುರಲು ಬಿಡಬೇಕು. ಅವಳು ಕೊಟ್ಟ ಔಷಧಿ ಹತ್ತೇ ದಿನ, ತೆಳ್ಳಗೆ. ಚೆನ್ನಾಯಿತೆಂದು ಹನ್ನೊಂದನೆಯ ದಿನ ಹಚ್ಚಬಾರದು. ಆಮೇಲೆ ಬಣ್ಣ ಇಲ್ಲದ, ವಾಸನೆ ಇಲ್ಲದ ಬರೀ ಪೆಟ್ರೋಲಿಯಂ ಜೆಲ್ಲಿ, ದಿನಕ್ಕೆ ಎಷ್ಟು ಸಲ ಬೇಕಾದರೂ. "ಬೇಗ ವಾಸಿಯಾಗಲ್ಲ. ತಿಂಗಳುಗಟ್ಟಲೆ ಆಗಬಹುದು. ಒಮ್ಮೆ ಹೋಗಿ ಮತ್ತೆ ಬರಬಹುದು. ಬಂದ್ರೆ ಹೆದರಬೇಡಿ, ನನ್ನ ಹತ್ರ ಬನ್ನಿ" ಎಂದು ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟಳು.

ಆ ಕಾಗದ ಹಿಡಿದು ಸೋಮವಾರ ಅಂಗಡಿಗೆ ಹೋದೆ. ಯಜಮಾನ ಎರಡು ಸಲ ಓದಿದ.

"ಅಂದ್ರೆ ತಪ್ಪು ನಿಮ್ಮ ಅಭ್ಯಾಸದ್ದು. ಬಾಯಿಗೆ ಹಾಕ್ಕೊಳ್ಳಿ ಅಂದೋರು ಯಾರು?"

"ನಿಮ್ಮಪ್ಪ. ಇದೇ ಅಂಗಡೀಲಿ ನಿಂತು, ನನ್ನ ಬಾಯಿಗೆ ಮೊದಲನೇ ಹಿಡಿ ಮೊಳೆ ಅವರ ಕೈಯಿಂದಾನೇ ಹಾಕಿದ್ರು. ಹೊಳೆಯೋ ಮೊಳೆ ತಂದೋರು ನೀವು."

ಅವನ ಮುಖ ಗಂಟಾಯಿತು. "ಇರಲಿ. ಬಾಯಿಲ್ಲದೆ ಹೇಗೆ ಹೊಡೀತೀರಿ? ಊಟದ ಮೇಜಿನ ಕುರ್ಚಿ, ಮೂವತ್ತಾರು, ಶುಕ್ರವಾರಕ್ಕೆ ಕೊಡಬೇಕು. ಒಂದು ದಿನಕ್ಕೆ ನೀವು ಎಂಟು ಕುರ್ಚಿ ಮುಗಿಸೋರು. ಇವತ್ತು ಎಂಟು ಮುಗಿಸಿದ್ರೆ ಇಲ್ಲೇ ಇರಿ. ಇಲ್ಲಾಂದ್ರೆ ಸುಮ್ಮನೆ ಹಿಂದೆ ಹೋಗಿ."

ನಾನು ಮನೆಯಿಂದ ಒಂದು ಮರದ ತಟ್ಟೆ ತಂದಿದ್ದೆ. ಮೊಳೆಗಳನ್ನು ಅದರಲ್ಲಿ ಸುರಿದು, ತಲೆ ಮೇಲಾಗುವಂತೆ ಅಲುಗಿಸಿ, ಮೊಣಕಾಲಿನ ಪಕ್ಕ ಇಟ್ಟುಕೊಂಡೆ. ಸುತ್ತಿಗೆಯ ಅಯಸ್ಕಾಂತವನ್ನು ತಟ್ಟೆಗೆ ಇಳಿಸಿದರೆ ಒಂದು ಮೊಳೆ ಬೇಕಾದಾಗ ನಾಲ್ಕು ಅಂಟಿಕೊಂಡು ಬರುತ್ತಿದ್ದವು. ಒಂದನ್ನು ಬಿಟ್ಟು ಮೂರನ್ನು ಉದುರಿಸಬೇಕು. ಅಷ್ಟರಲ್ಲಿ ಎಡಗೈಯ ಬಟ್ಟೆ ಸಡಿಲ. ಮತ್ತೆ ಎಳೆ. ಬಾಯಿ ಅಭ್ಯಾಸಬಲದಿಂದ ಚೂಪಾಗಿ ಮುಂದೆ ಬರುತ್ತಿತ್ತು, ಇಲ್ಲದ ಮೊಳೆ ಕೊಡಲು. ಗಿಡ್ಡಿ ಓರೆಗಣ್ಣಲ್ಲಿ ನೋಡಿ ಮೂಗಿನಿಂದ ನಕ್ಕಳು. ಬೇರೊಂದು ಸೋಫಾಕ್ಕೆ ಹೊಡೆಯುತ್ತಿದ್ದ ಅವಳ ಡಬ್ಬಿ ತುಂಬಿತ್ತು. ಅವಳ ಕೆಳತುಟಿಯ ಅಂಚಿನಲ್ಲೂ ಒಂದು ಬಿಳಿ ಪದರ ಏಳುತ್ತಿದ್ದದ್ದನ್ನು ನಾನು ಅವತ್ತೇ ನೋಡಿದ್ದು.

ಸಂಜೆಯ ಹೊತ್ತಿಗೆ ಆದದ್ದು ಐದು ಕುರ್ಚಿ.

ಸೋತೆ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಎಂಟೆಲ್ಲಿ, ಐದೆಲ್ಲಿ?

ಯಜಮಾನ ಬಂದು ಎಣಿಸಿದ. "ಏಳಿ ಅಜ್ಜಿ."

"ಏಳಲ್ಲ."

"ಮಾತು ಮಾತೇ ಅಲ್ವಾ?"

"ಅದು ನಿಮ್ಮ ಮಾತು. ನಾನು ಹೂಂ ಅಂದಿರಲಿಲ್ಲ. ಈ ಐದು ಕುರ್ಚಿ ಮೇಲೆ ಒಂದೊಂದಾಗಿ ಕೂತು ನೋಡಿ. ಒಂದಾದ್ರೂ ಸಡಿಲ ಇದ್ರೆ ನಾನೇ ಎದ್ದು ಹೋಗ್ತೀನಿ. ತುಟಿ ಕೆಟ್ಟದ್ದು ನಿಮ್ಮ ಕೆಲಸದಿಂದ. ಕೆಟ್ಟ ತುಟಿ ಕಾಣಬಾರದು ಅಂತ ಕತ್ತಲೆಗೆ ತಳ್ಳೋದೂ ನೀವೇ. ಎರಡೂ ನಿಮ್ಮದೇ ಆದ್ರೆ ನನ್ನದೇನು?"

ಇಷ್ಟು ಉದ್ದ ಮಾತನ್ನು ಆ ಬೆಂಚಿನ ಮೇಲೆ ಕೂತು ನಾನು ಆಡಿದ್ದು ಅದೇ ಮೊದಲು. ಬಾಯಿ ಖಾಲಿ ಇದ್ದರೆ ಏನೆಲ್ಲ ಹಿಡಿಸುತ್ತದೆ ಎಂದು ನನಗೇ ಆಶ್ಚರ್ಯವಾಯಿತು.

ಅವನು ಬಗ್ಗಿ ನನ್ನ ಬೆಂಚಿನ ಒಂದು ತುದಿ ಹಿಡಿದು ಎಳೆದ, ನಾನು ಅದರ ಮೇಲೆ ಕೂತಿರುವ ಹಾಗೆಯೇ. ಗಟ್ಟಿ ಮರದ ಬೆಂಚು, ಅದರ ಮೇಲೆ ನಾನು, ನನ್ನ ಕಾಲಿನ ಹತ್ತಿರ ಅರ್ಧ ಮುಗಿದ ಕುರ್ಚಿ. ಬೆಂಚು ಕಿರ್ ಎಂದು ಒಂದು ಗೇಣು ಜರುಗಿ ನಿಂತಿತು. ನಾನು ಎರಡು ಕೈಯಲ್ಲೂ ಅಂಚು ಹಿಡಿದುಕೊಂಡೆ. ಅವನ ಹಣೆಯಲ್ಲಿ ಬೆವರು.

"ಗಿಡ್ಡಿ! ಆ ಕಡೆ ಹಿಡಿ!"

ಗಿಡ್ಡಿ ಬಾಯಿ ತೋರಿಸಿದಳು. ತುಂಬಿದೆ, ಉತ್ತರ ಕೊಡಲಾಗದು ಎಂಬಂತೆ.

"ಉಗಿ, ಉಗಿದು ಬಾ!"

ಅವಳು ಅಂಗೈ ಒಡ್ಡಿದಳು. ಎಲ್ಲವನ್ನೂ ಒಟ್ಟಿಗೆ ಉಗಿಯುವುದು ನಮ್ಮ ರೂಢಿ. ಅವಳು ಹಾಗೆ ಮಾಡಲಿಲ್ಲ. ಒಂದು ಮೊಳೆ ತೆಗೆದಳು, ಮೇಜಿನ ಮೇಲೆ ಇಟ್ಟಳು. ಇನ್ನೊಂದು ತೆಗೆದಳು, ಅದರ ಪಕ್ಕಕ್ಕೆ ಸರಿಯಾಗಿ ಜೋಡಿಸಿದಳು. ಹಾಗೇ ಸಾಲಾಗಿ ಇಡುತ್ತಾ ಹೋದಳು. ಯಜಮಾನ ಬೆಂಚಿನ ತುದಿ ಹಿಡಿದು ಬಗ್ಗಿದವನು ಬಗ್ಗಿದಂತೆಯೇ ಕಾದ. ಕೊನೆಯ ಮೊಳೆ ಇಟ್ಟ ಮೇಲೆ ಅವಳು ತುಟಿಯನ್ನು ಕೈ ಹಿಂಬದಿಯಿಂದ ಒರೆಸಿಕೊಂಡು, ಬೆರಳಿಗೆ ಬಂದ ಬಿಳಿ ಸಿಪ್ಪೆಯನ್ನು ನೋಡಿದಳು. ಆಮೇಲೆ ಹೇಳಿದಳು:

"ನಂಗೆ ಸೊಂಟ ಹಿಡಿದಿದೆ ಯಜಮಾನ್ರೇ. ಎತ್ತೋಕಾಗಲ್ಲ."

"ಬೆಳಿಗ್ಗೆ ಚೆನ್ನಾಗಿತ್ತಲ್ಲ?"

"ಈಗಲೇ ಹಿಡಿದದ್ದು. ನಾಳೆ ಆ ಡಾಕ್ಟ್ರಮ್ಮನ ಹತ್ರ ಹೋಗ್ಬೇಕು. ಅರ್ಧ ದಿನ ರಜೆ ಕೊಡಿ." ನನ್ನ ಕಡೆ ತಿರುಗಿದಳು. "ಅಕ್ಕ, ಸೊಂಟಾನೂ ನೋಡ್ತಾಳಾ ಅವಳು?"

"ತುಟಿ ಮಾತ್ರ ಕಣೇ."

"ಸರಿ, ಅದನ್ನೇ ತೋರಿಸ್ತೀನಿ."

ಯಜಮಾನ ಬೆಂಚು ಬಿಟ್ಟು ನೆಟ್ಟಗಾದ. ನಮ್ಮಿಬ್ಬರ ಮುಖವನ್ನೂ, ಅಲ್ಲಿ ಕಾಯುತ್ತಿದ್ದ ಉಳಿದ ಮೂವತ್ತೊಂದು ಕುರ್ಚಿಗಳನ್ನೂ ನೋಡಿದ. ನಮ್ಮಿಬ್ಬರನ್ನು ಬಿಟ್ಟರೆ ಶುಕ್ರವಾರದೊಳಗೆ ಅವುಗಳಿಗೆ ಬಟ್ಟೆ ಎಳೆಯುವವರು ಆ ಅಂಗಡಿಯಲ್ಲಿ ಇನ್ಯಾರೂ ಇರಲಿಲ್ಲ. ಅಂಗಿಯ ತೋಳು ಇಳಿಸಿಕೊಂಡು, "ಗಿರಾಕಿ ಏನಾದ್ರೂ ಕೇಳಿದ್ರೆ ನೀವೇ ಉತ್ತರ ಹೇಳ್ಕೊಳ್ಳಿ" ಎಂದು ಗೊಣಗಿ ಹೊರಗೆ ಹೋದ.

ಗಿರಾಕಿಗಳು ಕೇಳುತ್ತಾರೆ, ಹೇಳುತ್ತೇನೆ. ಯಾವ ಮೊಳೆ, ಯಾವ ಲೋಹ, ಎಷ್ಟು ವರ್ಷ, ಎಲ್ಲ. ಯಜಮಾನ ಆಗ ಲೆಕ್ಕವಿಲ್ಲದಷ್ಟು ಕೆಮ್ಮುತ್ತಾನೆ. ಕುರ್ಚಿಗಳು ಶುಕ್ರವಾರಕ್ಕೆ ಮುಗಿಯಲಿಲ್ಲ, ಮುಂದಿನ ಬುಧವಾರ ಹೋದವು. ತಟ್ಟೆಯಿಂದ ಈಗ ದಿನಕ್ಕೆ ಆರು ಕುರ್ಚಿ ಬರುತ್ತದೆ. ಏಳಾಗಬಹುದು, ಎಂಟು ಆಗಲಿಕ್ಕಿಲ್ಲ. ತುಟಿ ಮುಕ್ಕಾಲು ಪಾಲು ಕೂಡಿದೆ. ಎಡಗಡೆ ಮೂಲೆ ಇನ್ನೂ ಹಟ ಮಾಡುತ್ತಿದೆ, ಕೈ ಇನ್ನೂ ಅದನ್ನು ಕೀಳಲು ಏಳುತ್ತದೆ, ನಾನು ಕೈಗೆ ಸುತ್ತಿಗೆ ಕೊಡುತ್ತೇನೆ. ಅವನು ಎಳೆದು ಸೊಟ್ಟ ಮಾಡಿದ ಬೆಂಚನ್ನು ನಾನು ನೆಟ್ಟಗೆ ಮಾಡಿಲ್ಲ. ಹೊರಗಿನಿಂದ ಬರುವವರಿಗೆ ಈಗ ಮೊದಲು ಕಾಣುವುದು ನನ್ನ ಮುಖ.